ಅಡವಿಯ ಗೃಹಸ್ಥ

ಮನೆಯ ಹೊಣೆಯನ್ನು ಮಕ್ಕಳಿಗೆ ಒಪ್ಪಿಸಿ, ತಲೆ ನರೆತ ಮೇಲೆ ಕಾಡಿಗೆ ಹೋಗುವುದು ನಮ್ಮ ಹಿರಿಯರು ಇಟ್ಟ ಕ್ರಮ. ಗಾರ್ಹಸ್ಥ್ಯವು ಮೊದಲು, ವಾನಪ್ರಸ್ಥವು ಆಮೇಲೆ. ಎರಡನ್ನೂ ಒಟ್ಟಿಗೆ ನಡೆಸಬಲ್ಲವರು ವಿರಳ. ಕಾಡಿನ ಹುಚ್ಚು ಹಿಡಿದವನು ಮನೆಯನ್ನು ಮರೆಯುತ್ತಾನೆ. ಮನೆಯ ಮೋಹಕ್ಕೆ ಬಿದ್ದವನಿಗೆ ಹಿತ್ತಲಿನ ಬೇಲಿಯ ಆಚೆಗೊಂದು ಲೋಕವಿರುವುದೇ ಕಾಣದು. ಬೇಟೆಗಾರನ ಹೆಂಡತಿಯ ಪಾಡನ್ನು ಬಲ್ಲವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಹೀಗಿರಲು, ಅಮೆರಿಕಾ ದೇಶದ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ಬಾಳಿ 1948ನೆಯ ಇಸವಿಯಲ್ಲಿ ತೀರಿಕೊಂಡ ಆಲ್ಡೊ ಲಿಯೊಪೋಲ್ಡನೆಂಬ ಗೃಹಸ್ಥನ ಚರಿತ್ರೆಯು ನೆನೆಯತಕ್ಕದ್ದಾಗಿದೆ. ಆತನು ಹೆಂಡತಿ ಮಕ್ಕಳನ್ನು ಬಿಟ್ಟು ಕಾಡಿಗೆ ಹೋಗಲಿಲ್ಲ. ಕಾಡನ್ನು ಬಿಟ್ಟು ಮನೆಯಲ್ಲಿ ಕುಳಿತುಕೊಳ್ಳಲೂ ಇಲ್ಲ. ಸಂಸಾರವನ್ನೇ ಕಟ್ಟಿಕೊಂಡು ಅಡವಿಗೆ ಹೋದನು. ಹೋದ ಜಾಗದಲ್ಲಿ ಅಡವಿಯಿರಲಿಲ್ಲವಾದುದರಿಂದ ಅವರೆಲ್ಲರೂ ಸೇರಿ ಅದನ್ನು ಬೆಳೆಸಿದರು.

ಈತನ ಹೆಸರು ಲೋಕಕ್ಕೆ ಪರಿಚಿತವಾದುದು ಒಂದು ಪುಸ್ತಕದಿಂದ. ‘ಎ ಸ್ಯಾಂಡ್ ಕೌಂಟಿ ಆಲ್ಮನಾಕ್’ ಎಂಬ ಆ ಪ್ರಬಂಧಸಂಕಲನವು ಆತನು ತೀರಿಕೊಂಡ ಮರುವರ್ಷ, 1949ರಲ್ಲಿ, ಅಚ್ಚಾಯಿತು. ಇದುವರೆಗೆ ಅದರ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾಗಿವೆ. ಭೂಮಿಯು ಮನುಷ್ಯನ ಸ್ವತ್ತಲ್ಲ. ಮಣ್ಣು, ನೀರು, ಗಿಡ, ಮೃಗ ಇವುಗಳ ನಡುವೆ ಮನುಷ್ಯನೂ ಒಬ್ಬ ಒಕ್ಕಲು ಮಾತ್ರ ಎಂಬುದು ಅದರ ತಿರುಳು. ಆ ತತ್ತ್ವವನ್ನು ಪಂಡಿತರು ಚರ್ಚಿಸಲಿ. ಅದು ಯಾವ ಒಲೆಯ ಮುಂದೆ ಬೆಂದು ಹದವಾಯಿತೋ ಆ ಒಲೆಯ ಬಳಿಗೆ ವಾಚಕರನ್ನು ಕರೆದುಕೊಂಡು ಹೋಗುವುದಷ್ಟೆ ನನ್ನ ಉದ್ದೇಶ. ಏಕೆಂದರೆ ಆತನ ಹೆಂಡತಿಯೂ ಐವರು ಮಕ್ಕಳೂ ಇಲ್ಲದಿದ್ದರೆ ಆ ತತ್ತ್ವವು ಬರಿಯ ಮಾತಾಗಿ ಉಳಿಯುತ್ತಿತ್ತೆಂದು ನನಗೆ ತೋರುತ್ತದೆ.

ಆಲ್ಡೊ ಹುಟ್ಟಿದುದು 1887ನೆಯ ಜನವರಿ 11ರಂದು, ಅಯೋವಾ ಸಂಸ್ಥಾನದ ಬರ್ಲಿಂಗ್ಟನ್ ಎಂಬ ಊರಿನಲ್ಲಿ. ಮಿಸಿಸಿಪಿ ಮಹಾನದಿಯ ಮಗ್ಗುಲಿನ ಎತ್ತರವಾದ ದಿಣ್ಣೆಯ ಮೇಲೆ ಅವರ ಮನೆ. ಜರ್ಮನಿಯಿಂದ ಬಂದು ನೆಲೆಸಿದ ವಂಶ. ತಂದೆ ಕಾರ್ಲನು ಬರೆಯುವ ಮೇಜುಗಳನ್ನು ಮಾಡಿಸಿ ಮಾರುವ ಕಾರಖಾನೆಯನ್ನು ನಡೆಸುತ್ತಿದ್ದನು. ನಾಲ್ವರು ಮಕ್ಕಳಲ್ಲಿ ಆಲ್ಡೊ ಹಿರಿಯವನು. ಬಿಡುವು ದೊರೆತಾಗಲೆಲ್ಲ ತಂದೆಯು ಗಂಡುಮಕ್ಕಳನ್ನು ಕರೆದುಕೊಂಡು ನದಿಯ ಜವುಗಿನಲ್ಲಿ ಬಾತುಕೋಳಿಗಳ ಬೇಟೆಗೆ ಹೋಗುವನು.

ಬೇಟೆಯೆಂಬ ಮಾತು ನಮ್ಮ ವಾಚಕರಲ್ಲಿ ಅನೇಕರಿಗೆ ರುಚಿಸದೆಂಬುದನ್ನು ನಾನು ಬಲ್ಲೆ. ಈ ಮನುಷ್ಯನು ಹುಟ್ಟಿನಿಂದ ಕೊನೆಯವರೆಗೂ ಬೇಟೆಗಾರನೇ. ಅದನ್ನು ಮರೆಸಿ ಹೇಳಿದರೆ ಕಥೆಯು ಸುಳ್ಳಾಗುತ್ತದೆ. ಆದರೆ ಆ ಮನೆಯಲ್ಲಿ ಬೇಟೆಗೂ ಒಂದು ನೇಮವಿದ್ದಿತು. ವಸಂತದಲ್ಲಿ ಹಕ್ಕಿಗಳು ಗೂಡು ಕಟ್ಟಲು ಹೋಗುವ ಕಾಲ. ಆಗ ಅವುಗಳನ್ನು ಹೊಡೆಯಬಾರದೆಂದು ಸರ್ಕಾರದ ಕಾಯಿದೆ ಇನ್ನೂ ಇಲ್ಲದಿದ್ದಾಗಲೇ ಕಾರ್ಲನು ತನಗೆ ತಾನೇ ಕಾಯಿದೆ ಮಾಡಿಕೊಂಡು ವಸಂತದ ಬೇಟೆಯನ್ನು ನಿಲ್ಲಿಸಿದನು. ಮಗನ ಕೈಗೆ ಮೊದಲ ಕೋವಿಯನ್ನು ಕೊಟ್ಟಾಗ, ಕಾಡುಕೋಳಿಯು ಮರದ ಮೇಲೆ ಕುಳಿತಿರುವಾಗ ಹೊಡೆಯಕೂಡದು, ಹಾರುವಾಗ ಹೊಡೆಯಬಲ್ಲೆಯಾದರೆ ಹೊಡೆ ಎಂದು ಕಟ್ಟು ಮಾಡಿದನು. ಹುಡುಗನಿಗೆ ಹಾರುವ ಹಕ್ಕಿಗೆ ಗುರಿಯಿಡುವ ಕೌಶಲವೆಲ್ಲಿಯದು? ಕುಳಿತ ಹಕ್ಕಿಯನ್ನು ಕಣ್ಣೆದುರಿಗಿಟ್ಟುಕೊಂಡು ಬರಿಗೈಯಲ್ಲಿ ಮನೆಗೆ ಬಂದನು. ಯಾರೂ ನೋಡದ ಕಾಡಿನೊಳಗೆ ಹತ್ತು ಹನ್ನೆರಡು ವರ್ಷದ ಹುಡುಗನೊಬ್ಬನು ತಂದೆಯ ಮಾತನ್ನು ಉಳಿಸಿಕೊಳ್ಳುವುದು ಸಾಮಾನ್ಯವಲ್ಲ. ತನ್ನ ಧರ್ಮಬುದ್ಧಿಯ ಮೊದಲ ಪಾಠ ಅದೇ ಎಂದು ಆತನು ಮುಂದೆ ಬರೆದಿದ್ದಾನೆ.

ಹದಿನೇಳನೆಯ ವಯಸ್ಸಿನಲ್ಲಿ ಓದಿಗಾಗಿ ದೂರದ ನ್ಯೂಜರ್ಸಿಗೆ ಹೋದವನು ತಾಯಿಗೆ ಕಾಗದದ ಮೇಲೆ ಕಾಗದ ಬರೆದನು. ಕಾಗದದ ತುಂಬ ನಡೆದ ದಾರಿ, ಕಂಡ ಹಕ್ಕಿ, ಅರಳಿದ ಹೂವು. ಬಳಿಕ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಅರಣ್ಯಶಾಸ್ತ್ರವನ್ನು ಓದಿ, 1909ರಲ್ಲಿ ಪದವಿಯನ್ನು ಪಡೆದು, ಅದೇ ವರ್ಷ ಅರಣ್ಯ ಇಲಾಖೆಯ ನೌಕರನಾಗಿ ನೈಋತ್ಯದಿಕ್ಕಿನ ಅರಿಜೋನಾ ಸೀಮೆಗೆ ಹೋದನು. ಆಗ ಅದಿನ್ನೂ ಪೂರ್ಣ ಸಂಸ್ಥಾನವಾಗಿರಲಿಲ್ಲ. ಕುದುರೆಯೇ ವಾಹನ, ಜೀನಿನ ಹಿಂದೆ ಕಟ್ಟಿದ ಸುರುಳಿಯೇ ಹಾಸಿಗೆ.

ಆ ಮೊದಲ ವರ್ಷದಲ್ಲಿಯೇ ಒಂದು ಪ್ರಸಂಗ ನಡೆಯಿತು. ಎತ್ತರವಾದ ಬಂಡೆಯ ಅಂಚಿನಲ್ಲಿ ಸಂಗಡಿಗರೊಡನೆ ಕುಳಿತು ಬುತ್ತಿ ಉಣ್ಣುತ್ತಿದ್ದಾಗ ಕೆಳಗಡೆ ತೋಳವೊಂದು ಹೊಳೆಯನ್ನು ದಾಟಿ ಬಂದಿತು; ಬೆಳೆದ ಮರಿಗಳು ಓಡಿಬಂದು ಅದನ್ನು ಮುತ್ತಿಕೊಂಡವು. ತೋಳವನ್ನು ಕಂಡರೆ ಕೊಲ್ಲುವುದು ಆ ಕಾಲದ ರೂಢಿ. ತೋಳಗಳು ತಗ್ಗಿದರೆ ಜಿಂಕೆಗಳು ಹೆಚ್ಚುವುವು, ತೋಳಗಳೇ ಇಲ್ಲವಾದರೆ ಬೇಟೆಗಾರನಿಗೆ ಸ್ವರ್ಗ ಎಂದು ಇಪ್ಪತ್ತೆರಡರ ತರುಣನು ನಂಬಿದ್ದನು. ಎಲ್ಲರೂ ಗುಂಡು ಹಾರಿಸಿದರು. ತಾಯಿ ತೋಳವು ಬಿದ್ದಿತು. ಆತನು ಇಳಿದುಹೋಗಿ ನೋಡುವಷ್ಟರಲ್ಲಿ ಅದರ ಕಣ್ಣಿನ ಬೆಳಕು ಆರುತ್ತಲಿದ್ದಿತು. ಏನೋ ತಪ್ಪಿದೆ ಎಂದು ಆಗಲೇ ಅನಿಸಿತೋ, ಆಮೇಲೆ ಅನಿಸಿತೋ. ಅಂತೂ ಅದನ್ನು ಬಾಯಿಬಿಟ್ಟು ಹೇಳಲು ಮೂವತ್ತೈದು ವರ್ಷಗಳು ಬೇಕಾದುವು. ಆ ಮಾತಿಗೆ ಮತ್ತೆ ಬರುತ್ತೇನೆ.

ಆತನು ಮದುವೆಯಾದುದು 1912ನೆಯ ಅಕ್ಟೋಬರ್ 9ರಂದು, ನ್ಯೂಮೆಕ್ಸಿಕೊದ ಸಾಂಟಾಫೆ ನಗರದಲ್ಲಿ. ಕನ್ಯೆಯ ಹೆಸರು ಎಸ್ಟೆಲಾ ಬರ್ಜೆರ್. ತಾಯಿಯ ಕಡೆಯಿಂದ ಆಕೆಯು ಲೂನಾ ಎಂಬ ಹಳೆಯ ಸ್ಪ್ಯಾನಿಷ್ ಮನೆತನಕ್ಕೆ ಸೇರಿದವಳು. ಕುರಿಮಂದೆಗಳನ್ನೂ ವಿಸ್ತಾರವಾದ ಭೂಮಿಯನ್ನೂ ಆಳಿದ ಮನೆತನ. ಭಾಷೆ ಬೇರೆ, ಆಚಾರ ಬೇರೆ, ಮತಭೇದವೂ ಉಂಟು. ಆಗ ಆತನು ಕಾರ್ಸನ್ ಅರಣ್ಯದ ಮೇಲ್ವಿಚಾರಕ. ತ್ರೆಸ್ ಪಿಯೆದ್ರಾಸ್ ಎಂಬ ಕುಗ್ರಾಮದಲ್ಲಿ, ಬೆಟ್ಟಗಳಿಗೆ ಎದುರಾಗಿ, ತಾನೇ ನಕ್ಷೆ ಬರೆದು ಒಂದು ಮನೆಯನ್ನು ಕಟ್ಟಿಸಿ ಹೆಂಡತಿಯನ್ನು ಕರೆದುಕೊಂಡು ಹೋದನು.

ಆ ಮನೆಯಲ್ಲಿ ಅವರು ಬಹಳ ದಿನ ಇರಲಾಗಲಿಲ್ಲ. 1913ರ ಏಪ್ರಿಲಿನಲ್ಲಿ ಕುರುಬರೊಳಗಿನ ಹುಲ್ಲುಗಾವಲಿನ ವ್ಯಾಜ್ಯವನ್ನು ತೀರಿಸಲು ದೂರದ ಸೀಮೆಗೆ ಹೋಗಿದ್ದವನು ಹಿಂದಿರುಗುವಾಗ ಮಳೆ, ಆಲಿಕಲ್ಲು, ಹಿಮಗಳಿಗೆ ಸಿಕ್ಕಿಬಿದ್ದನು. ಹಾಸಿಗೆ ನೆನೆದಿತ್ತು, ನೆನೆದ ಹಾಸಿಗೆಯಲ್ಲಿಯೇ ಮಲಗಿದನು. ಮೊಣಕಾಲುಗಳು ಬಾತು, ಕಾಲಿನ ಜೋಡನ್ನು ಕೊಯ್ದು ತೆಗೆಯಬೇಕಾಯಿತು. ದಾರಿಯಲ್ಲಿ ಸಿಕ್ಕಿದ ವೈದ್ಯರೊಬ್ಬರು ಇದು ಕೀಲುವಾಯುವೆಂದರು. ಅದು ಮೂತ್ರಪಿಂಡಗಳ ಉರಿಯೂತವಾಗಿದ್ದಿತು; ಆ ಕಾಲದಲ್ಲಿ ಇದಕ್ಕೆ ಸರಿಯಾದ ಮದ್ದಿಲ್ಲ, ಅನೇಕರು ಅದರಿಂದಲೇ ಸಾಯುತ್ತಿದ್ದರು. ಮದುವೆಯಾಗಿ ಆರು ತಿಂಗಳು, ಹೆಂಡತಿ ಬಸುರಿ. ಗಂಡನು ಬರ್ಲಿಂಗ್ಟನ್ನಿನ ತಂದೆಯ ಮನೆಯಲ್ಲಿ ಕಂಬಳಿ ಹೊದೆದು ಜಗಲಿಯ ಮೇಲೆ ಕುಳಿತು ನದಿಯನ್ನು ನೋಡುತ್ತ ದಿನಗಳನ್ನು ಕಳೆದನು. ಹಿರಿಯ ಮಗ ಸ್ಟಾರ್ಕರನು ಆ ಅಕ್ಟೋಬರಿನಲ್ಲಿ ಹುಟ್ಟಿದನು. ಮತ್ತೆ ಕೆಲಸಕ್ಕೆ ಸೇರುವಷ್ಟು ಚೇತರಿಸಿಕೊಳ್ಳಲು ಸುಮಾರು ಒಂದೂವರೆ ವರ್ಷ ಹಿಡಿಯಿತು. ಬದುಕುವೆನೋ ಇಲ್ಲವೋ ಎಂಬ ಆ ಕಾಲದಲ್ಲಿ ಆತನು ಮನಸ್ಸಿನಲ್ಲಿ ಏನು ಲೆಕ್ಕ ಹಾಕಿಕೊಂಡನೋ ನಾವು ಊಹಿಸಬಹುದು; ಆ ಬಳಿಕ ಆತನ ದಿನಗಳಲ್ಲಿ ವ್ಯರ್ಥವಾದುದು ಕಡಮೆ.

ಸ್ಟಾರ್ಕರನ ತರುವಾಯ 1915ರಲ್ಲಿ ಲೂನಾ, 1917ರಲ್ಲಿ ನೀನಾ, 1919ರಲ್ಲಿ ಕಾರ್ಲ್, ಬಹಳ ತಡವಾಗಿ 1927ರಲ್ಲಿ ಎಸ್ಟೆಲಾ. ಲೂನಾ ಎಂಬುದು ಹೆಣ್ಣಿನ ಹೆಸರೆಂದು ವಾಚಕರು ಭಾವಿಸಬಾರದು. ತಾಯಿಯ ತಾಯಿಯ ಮನೆತನದ ಹೆಸರನ್ನು ಎರಡನೆಯ ಮಗನಿಗೆ ಇಟ್ಟರು. ಕಾರ್ಲ್ ಎಂಬುದು ಅಜ್ಜನ ಹೆಸರು, ಎಸ್ಟೆಲಾ ಎಂಬುದು ತಾಯಿಯದೇ. ಹೆಸರಿಡುವ ವಿಷಯದಲ್ಲಿ ಅವರೂ ನಮ್ಮಂತೆಯೇ ಎನ್ನಬೇಕು.

ಉದ್ಯೋಗದ ಚರಿತ್ರೆಯನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ. ನ್ಯೂಮೆಕ್ಸಿಕೊದ ಹೀಲಾ ಎಂಬ ಬೆಟ್ಟಗಾಡಿನಲ್ಲಿ ಏಳು ಲಕ್ಷ ಎಕರೆಗೂ ಮೀರಿದ ಪ್ರದೇಶವನ್ನು ರಸ್ತೆಯಿಲ್ಲದೆ, ಕಟ್ಟಡವಿಲ್ಲದೆ, ಇದ್ದಂತೆಯೇ ಕಾಪಾಡಬೇಕೆಂದು ಆತನು ವಾದಿಸಿದನು; 1924ರಲ್ಲಿ ಸರ್ಕಾರವು ಒಪ್ಪಿತು. ಆ ದೇಶದ ಅರಣ್ಯ ಇಲಾಖೆಯು ಹೀಗೆ ಮೀಸಲಿಟ್ಟ ಮೊದಲನೆಯ ವನ್ಯಪ್ರದೇಶ ಅದು. ಅದೇ ವರ್ಷ ವರ್ಗವಾಗಿ ವಿಸ್ಕಾನ್ಸಿನ್ನಿನ ರಾಜಧಾನಿಯಾದ ಮ್ಯಾಡಿಸನ್ನಿಗೆ ಬಂದನು. 1928ರಲ್ಲಿ ಇಲಾಖೆಯನ್ನು ಬಿಟ್ಟನು. 1933ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದವರು ವನ್ಯಮೃಗಗಳ ಪಾಲನೆಯೆಂಬ ವಿಷಯಕ್ಕೆ ಹೊಸದಾಗಿ ಒಂದು ಪೀಠವನ್ನು ಸ್ಥಾಪಿಸಿ ಆತನನ್ನು ಪ್ರಾಧ್ಯಾಪಕನನ್ನಾಗಿ ಮಾಡಿದರು. ಅಂತಹ ಪೀಠವು ಆ ದೇಶದಲ್ಲಿ ಅದೇ ಮೊದಲು.

ಮ್ಯಾಡಿಸನ್ನಿನ ಮನೆಯ ನೆಲಮಾಳಿಗೆಯಲ್ಲಿ ಆತನದೊಂದು ಕಮ್ಮಟವಿದ್ದಿತು. ಅಲ್ಲಿ ಮರವನ್ನು ಕೆತ್ತಿ ಬಿಲ್ಲುಗಳನ್ನೂ ಬಾಣಗಳನ್ನೂ ಮಾಡುವನು. ಇಷ್ಟರು ಯಾರಾದರೂ ಕೇಳಿದರೆ ಅವರಿಗೂ ಮಾಡಿಕೊಡುವನು. ಕೋವಿಯಿಂದ ಜಿಂಕೆಯನ್ನು ಹೊಡೆಯುವುದು ಸುಲಭವಾಯಿತೆಂದು ಬಿಲ್ಲು ಹಿಡಿದು ಬೇಟೆಗೆ ಹೊರಟನು. ಮನೆಮಂದಿಯೆಲ್ಲ ಬಿಲ್ವಿದ್ಯೆಯನ್ನು ಕಲಿತರು. ಎಲ್ಲರಿಗಿಂತ ಚೆನ್ನಾಗಿ ಕಲಿತವಳು ಎಸ್ಟೆಲಾ. ವಿಸ್ಕಾನ್ಸಿನ್ ಸಂಸ್ಥಾನದ ಸ್ತ್ರೀಯರ ಪಂದ್ಯದಲ್ಲಿ ಆಕೆಯು ಹಲವು ಬಾರಿ ಪ್ರಥಮಸ್ಥಾನವನ್ನು ಪಡೆದಳು. ಗಂಡನ ಹವ್ಯಾಸವು ಹೆಂಡತಿಯನ್ನು ಒಂಟಿ ಮಾಡುವ ಬದಲು ಆಕೆಗೆ ಕೀರ್ತಿಯನ್ನು ತಂದ ನಿದರ್ಶನ ಇದೊಂದೇ ನನಗೆ ತಿಳಿದಿರುವುದು.

ಇನ್ನು ಒಲೆಯ ಬಳಿಗೆ ಬರೋಣ. 1935ರಲ್ಲಿ ಲಿಯೊಪೋಲ್ಡನು ಮ್ಯಾಡಿಸನ್ನಿಗೆ ಸುಮಾರು ಐವತ್ತು ಮೈಲಿ ಉತ್ತರಕ್ಕೆ, ವಿಸ್ಕಾನ್ಸಿನ್ ನದಿಯ ದಡದಲ್ಲಿ, ಬ್ಯಾರಬೂ ಎಂಬ ಊರಿನ ಸಮೀಪದಲ್ಲಿ, ಎಂಬತ್ತು ಎಕರೆಯ ಒಂದು ಹೊಲವನ್ನು ಕೊಂಡನು. ಅದನ್ನು ಹೊಲವೆಂದರೆ ಹೊಲವೆಂಬ ಶಬ್ದಕ್ಕೆ ಅವಮಾನ. ಮರಳುಭೂಮಿ. ಹಿಂದಿನವನು ಅದರ ಸಾರವನ್ನೆಲ್ಲ ಹಿಂಡಿ, ಕಂದಾಯವನ್ನೂ ಕಟ್ಟದೆ ಬಿಟ್ಟುಹೋಗಿದ್ದನು. ವಾಸದ ಮನೆಯು ಸುಟ್ಟುಹೋಗಿದ್ದಿತು. ಉಳಿದಿದ್ದುದು ಒಂದೇ ಒಂದು ಕೋಳಿಯ ಕೊಟ್ಟಿಗೆ. ಅದರ ತುಂಬ ವರ್ಷಗಟ್ಟಲೆಯ ಗೊಬ್ಬರ. ಬೇಟೆಯ ಕಾಲದಲ್ಲಿ ತಂಗಲು ಒಂದು ಜಾಗ ಬೇಕೆಂದು ಕೊಂಡುದೆಂದು ಹೇಳುವುದುಂಟು. ಆ ವರ್ಷಗಳಲ್ಲಿ ಅಮೆರಿಕದ ಬಯಲುಸೀಮೆಯಲ್ಲಿ ನೇಗಿಲಿಗೆ ಸವೆದ ಮಣ್ಣು ಧೂಳಾಗಿ ಎದ್ದು ಊರೂರುಗಳ ಮೇಲೆ ಕವಿಯುತ್ತಿದ್ದ ಕಾಲ. ಕೆಟ್ಟ ಭೂಮಿಯು ಆಗ ಅಗ್ಗ.

ಮೊದಲ ದಿನ ಯಜಮಾನನು ಮನೆಯವರನ್ನು ಕರೆತಂದು ಈ ಐಶ್ವರ್ಯವನ್ನು ತೋರಿಸಿದಾಗ ಅವರ ಮುಖ ಹೇಗಿದ್ದಿರಬಹುದು! ನಮ್ಮಲ್ಲಿ ಯಾರಾದರೂ ಹೀಗೆ ಕೋಳಿಯ ಕೊಟ್ಟಿಗೆಯನ್ನು ಕೊಂಡು, ಇನ್ನು ಮೇಲೆ ರಜಾದಿನಗಳನ್ನೆಲ್ಲ ಇಲ್ಲಿಯೇ ಕಳೆಯೋಣವೆಂದರೆ ಮನೆಯಲ್ಲಿ ಏನಾಗುವುದೆಂದು ನಾನು ಬರೆಯಬೇಕಾಗಿಲ್ಲ. ಅವರು ಗುದ್ದಲಿ ಹಿಡಿದು ಗೊಬ್ಬರವನ್ನು ಹೊರಗೆ ಹಾಕಿದರು. ಗೋಡೆಯ ಬಿರುಕುಗಳನ್ನು ಮುಚ್ಚಿದರು. ಒಂದು ಬೆಂಕಿಗೂಡನ್ನು ಕಟ್ಟಿದರು. ನದಿಯ ಪ್ರವಾಹವು ದಡಕ್ಕೆ ತಂದೆಸೆದ ಹಲಗೆಗಳನ್ನು ಆಯ್ದು ತಂದು ಬೆಂಚು, ಮೇಜು, ಒಂದರ ಮೇಲೊಂದರಂತೆ ಮಲಗುವ ಮಂಚಗಳು, ಎಲ್ಲವನ್ನೂ ತಾವೇ ಮಾಡಿಕೊಂಡರು. ಹಾಸಿಗೆಗೆ ಜವುಗಿನ ಒಣಹುಲ್ಲು. ವಿದ್ಯುದ್ದೀಪವಿಲ್ಲ, ನೀರಿಗೆ ಅಂಗಳದ ಕೈಪಂಪು. ಹೊರಗೆ ಸ್ವಲ್ಪ ದೂರದಲ್ಲಿ ಒಂದು ಪಾಯಖಾನೆಯನ್ನು ಕಟ್ಟಿ, ಅದಕ್ಕೆ ಗ್ರೀಕರ ಮಹಾದೇವಾಲಯದ ಹೆಸರನ್ನು ತಂದು ‘ಪಾರ್ಥೆನಾನ್’ ಎಂದು ನಾಮಕರಣ ಮಾಡಿದರು. ಕೊಟ್ಟಿಗೆಗೆ ಮಾತ್ರ ಬೇರೆ ಹೆಸರಿಡಲಿಲ್ಲ. ಅದು ಬರಿಯ ‘ಗುಡಿಸಲು’ ಎಂದೇ ಪ್ರಸಿದ್ಧವಾಯಿತು.

ವಾರದ ಕೊನೆಯಲ್ಲಿ ಬಿಡುವಾದರೆ ಮೋಟಾರಿನಲ್ಲಿ ಎಲ್ಲರೂ ಗುಡಿಸಲಿಗೆ. ಹೋಗಿ ಮಾಡುವುದೇನು? ದುಡಿಯುವುದು. ವಸಂತದಲ್ಲಿ ಪೈನ್ ಮರದ ಸಸಿಗಳನ್ನು ನೆಡುವುದು. ಒಬ್ಬರು ಗುದ್ದಲಿಯಿಂದ ನೆಲವನ್ನು ಸೀಳಿ ಬಾಯಿ ತೆರೆದರೆ, ಇನ್ನೊಬ್ಬರು ಸಸಿಯ ಬೇರನ್ನು ಅದರೊಳಕ್ಕೆ ಇಳಿಬಿಟ್ಟು ಮೆಟ್ಟಿ ಮುಂದೆ ಹೋಗುವರು. ಮೊದಲ ವಸಂತದಲ್ಲಿ, ಅಂದರೆ 1936ರಲ್ಲಿ, ಸಾವಿರಗಟ್ಟಲೆ ಸಸಿಗಳನ್ನು ನೆಟ್ಟರು. ಆ ಬೇಸಿಗೆಯಲ್ಲಿ ಘೋರವಾದ ಬರ ಬಂದಿತು. ನೆಟ್ಟುದರಲ್ಲಿ ಬಹುಪಾಲು ಸುಟ್ಟುಹೋಯಿತು.

ಇಲ್ಲಿ ನನಗೆ ಈ ಮನುಷ್ಯನ ಮೇಲೆ ಗೌರವ ಹುಟ್ಟುತ್ತದೆ. ಪುಸ್ತಕ ಬರೆದವನು, ಶಾಸ್ತ್ರ ತಿಳಿದವನು, ಪ್ರಾಧ್ಯಾಪಕ. ಆತನ ಸಸಿಗಳೇ ಒಣಗಿದುವು, ಅದೂ ಹೆಂಡತಿ ಮಕ್ಕಳ ಕಣ್ಣೆದುರಿಗೆ. ಆತನು ಎಷ್ಟು ಸತ್ತುವು, ಏಕೆ ಸತ್ತುವು ಎಂದು ದಿನಚರಿಯಲ್ಲಿ ಬರೆದಿಟ್ಟು, ಮರುವರ್ಷ ಮತ್ತೆ ನೆಟ್ಟನು. ಅದರ ಮರುವರ್ಷ ಮತ್ತೆ. ಬರ ಬಿಟ್ಟರೆ ಮೊಲ, ಮೊಲ ಬಿಟ್ಟರೆ ಜಿಂಕೆ, ಅದೂ ಬಿಟ್ಟರೆ ಕಳೆ. ಸಾಯುವವರೆಗೆ ಒಂದು ವಸಂತವನ್ನೂ ತಪ್ಪಿಸಲಿಲ್ಲ. ಲೆಕ್ಕವು ಹತ್ತಾರು ಸಾವಿರಗಳಿಗೆ ಮುಟ್ಟಿತು. ಪೈನ್ ಮಾತ್ರವಲ್ಲದೆ, ನೇಗಿಲಿಗೆ ಸಿಕ್ಕಿ ಆ ಸೀಮೆಯಿಂದಲೇ ಅಳಿಯುತ್ತಿದ್ದ ಹುಲ್ಲುಗಾವಲಿನ ಹೂಗಿಡಗಳನ್ನೂ ಹುಡುಕಿ ತಂದು ಗುಡಿಸಲಿನ ಮುಂದೆ ನೆಟ್ಟರು. 1935ರ ಶರತ್ಕಾಲದಲ್ಲಿಯೇ ಆತನು ಜರ್ಮನಿಗೆ ಹೋಗಿ ಅಲ್ಲಿನ ಅರಣ್ಯಗಳನ್ನು ನೋಡಿಬಂದಿದ್ದನು. ಸೈನಿಕರಂತೆ ಸಾಲುಗಟ್ಟಿ ನಿಂತ ಒಂದೇ ಜಾತಿಯ ಮರಗಳು, ಕೆಳಗೆ ಹೂವಿಲ್ಲ, ಪೊದೆಯಿಲ್ಲ. ತೊಲೆಗಾಗಿ ಬೆಳೆಸಿದ ಕಾಡು ಕಾಡಲ್ಲವೆಂದು ಆತನಿಗೆ ಅಲ್ಲಿ ಮನವರಿಕೆಯಾಗಿತ್ತು.

ಮಕ್ಕಳಿಗೆ ಆತನು ಉಪದೇಶ ಮಾಡಿದವನಲ್ಲ. ಇದನ್ನು ಓದು, ಇದಾಗು ಎಂದು ಹೇಳಿದವನೂ ಅಲ್ಲ. ಪಕ್ಕದಲ್ಲಿ ಕೆಲಸ ಮಾಡಿದನು, ಅಷ್ಟೆ. ಹಕ್ಕಿ ಕೂಗಿದರೆ ನಿಲ್ಲುವನು. ಮಣ್ಣಿನ ಮೇಲೆ ಹೆಜ್ಜೆಯಿದ್ದರೆ ಬಗ್ಗುವನು. ಇದು ಏನು, ಇಲ್ಲಿಗೆ ಏಕೆ ಬಂದಿತು, ಎತ್ತ ಹೋಯಿತು ಎಂದು ಕೇಳುವನು. ಉತ್ತರವನ್ನು ಮಕ್ಕಳು ಹುಡುಕಬೇಕು. ಸಂಜೆ ಕೆಂಡದ ಮೇಲೆ ಮುಚ್ಚಳದ ದಪ್ಪ ಕಬ್ಬಿಣದ ಪಾತ್ರೆಯನ್ನಿಟ್ಟು ಅಡಿಗೆ. ಊಟವಾದ ಮೇಲೆ ಗಿಟಾರಿನೊಡನೆ ತಾಯಿಯ ಸೀಮೆಯ ಸ್ಪ್ಯಾನಿಷ್ ಹಾಡುಗಳು. ಏಪ್ರಿಲ್ ತಿಂಗಳಾದರೆ ಹಾಡಿಗೆ ಮೊದಲು, ಮಬ್ಬುಗತ್ತಲೆಯಲ್ಲಿ, ಎಲ್ಲರೂ ಬಯಲಿನಲ್ಲಿ ಸದ್ದಿಲ್ಲದೆ ಕುಳಿತು ವುಡ್‌ಕಾಕ್ ಎಂಬ ಉದ್ದ ಕೊಕ್ಕಿನ ಹಕ್ಕಿಯ ಆಟವನ್ನು ನೋಡುವರು. ಗಂಡುಹಕ್ಕಿಯು ನೆಲದಿಂದೆದ್ದು ಸುತ್ತು ಸುತ್ತಾಗಿ ಆಕಾಶಕ್ಕೇರಿ, ಚಿಲಿಪಿಲಿಗುಟ್ಟುತ್ತ ಕಲ್ಲಿನಂತೆ ಇಳಿದು, ಎದ್ದ ಜಾಗದಲ್ಲಿಯೇ ಕೂರುತ್ತದೆ. ನಾಟಕಕ್ಕೆ ಟಿಕೆಟ್ಟಿಲ್ಲ, ಪ್ರೇಕ್ಷಕರಲ್ಲಿ ನಾಯಿಯೂ ಒಂದು.

ಎಲ್ಲರೂ ಮಲಗಿರುವಾಗಲೇ, ಬೆಳಗಿನ ಜಾವ ಮೂರೂವರೆ ಗಂಟೆಗೆ, ಯಜಮಾನನು ಏಳುವನು. ಕಾಫಿಯನ್ನು ಕಾಯಿಸಿಕೊಂಡು ಹೊರಗಿನ ಬೆಂಚಿನ ಮೇಲೆ ಕುಳಿತು, ಯಾವ ಹಕ್ಕಿಯು ಎಷ್ಟು ಹೊತ್ತಿಗೆ ಮೊದಲ ದನಿ ತೆಗೆಯಿತೆಂದು ಕಿಸೆಯ ಪುಸ್ತಕದಲ್ಲಿ ಗುರುತು ಹಾಕುವನು. ಬೆಳಕನ್ನಳೆಯುವ ಯಂತ್ರವೊಂದನ್ನೂ ಇಟ್ಟುಕೊಂಡಿದ್ದನು. ಎಷ್ಟು ಬೆಳಕಿಗೆ ಯಾವ ಹಕ್ಕಿ ಎಂಬುದನ್ನೂ ಬರೆಯುವನು. ನದಿಯ ಹಿಮ ಒಡೆದ ದಿನ, ಹೆಬ್ಬಾತುಗಳು ತೆಂಕಣದಿಂದ ಬಂದ ದಿನ, ಇಂತಹ ಹೂವು ಮೊದಲು ಕಣ್ಣು ಬಿಟ್ಟ ದಿನ, ಎಲ್ಲಕ್ಕೂ ತೇದಿ. ನಮ್ಮ ಅಜ್ಜಂದಿರು ಮಳೆನಕ್ಷತ್ರಗಳನ್ನು ನೆನಪಿನಲ್ಲಿಟ್ಟುಕೊಂಡಂತೆ ಆತನು ಇವನ್ನೆಲ್ಲ ಕಾಗದದಲ್ಲಿಟ್ಟನು. ಹತ್ತು ವರ್ಷಗಳ ಈ ಲೆಕ್ಕವನ್ನು ಶಿಷ್ಯೆಯೊಬ್ಬಳೊಡನೆ 1947ರಲ್ಲಿ ಶಾಸ್ತ್ರಪತ್ರಿಕೆಯಲ್ಲಿ ಪ್ರಕಟಿಸಿದನು. ಮನೆಯವರು ಏಳುವ ಹೊತ್ತಿಗೆ ಬೆಳಗಿನ ಉಪಾಹಾರವೂ ಸಿದ್ಧ. ಅದು ಆತನದೇ ಕೆಲಸ.

ತೋಳದ ಮಾತಿಗೆ ಬರುತ್ತೇನೆಂದು ಹೇಳಿದ್ದೆನಷ್ಟೆ. 1940ರ ದಶಕದಲ್ಲಿ ಲಿಯೊಪೋಲ್ಡನು ತನ್ನ ಪ್ರಬಂಧಗಳ ಕರಡನ್ನು ಹಾಕ್‌ಬಾಮನೆಂಬ ಹಳೆಯ ಶಿಷ್ಯನಿಗೆ ಕಳಿಸುತ್ತಿದ್ದನು. ಆ ಶಿಷ್ಯನು ಒಳ್ಳೆಯ ಚಿತ್ರಗಾರ, ನಾಲಗೆಯೂ ನೇರ. ಕಾಡು ಹಾಳಾಯಿತೆಂದು ನೀವು ಬರೆಯುತ್ತೀರಿ, ತೋಳಗಳನ್ನು ಕೊಲ್ಲಿಸಿದವರಲ್ಲಿ ನೀವೂ ಒಬ್ಬರೆಂಬುದನ್ನು ಎಲ್ಲಿಯೂ ಹೇಳುವುದಿಲ್ಲವಲ್ಲ ಎಂಬ ಅರ್ಥದಲ್ಲಿ ಗುರುವಿಗೆ ಬರೆದನು. ಮಾತು ನಿಜ. ನ್ಯೂಮೆಕ್ಸಿಕೊದಲ್ಲಿದ್ದಾಗ ಆತನು ತೋಳಗಳನ್ನು ನಿರ್ಮೂಲ ಮಾಡಬೇಕೆಂದು ಬರೆದವನು, ಭಾಷಣ ಮಾಡಿದವನು. ಐವತ್ತೇಳರ ವಯಸ್ಸಿನ ಪ್ರಾಧ್ಯಾಪಕನಿಗೆ ಶಿಷ್ಯನ ಈ ಮಾತು ಹಿಡಿಸುವುದು ಕಷ್ಟ. 1944ರಲ್ಲಿ ಆತನು ಆ ಬಂಡೆಯ ಕಥೆಯನ್ನು ಬರೆದನು, ತನ್ನ ಕೈಯಲ್ಲಿ ಕೋವಿಯಿದ್ದುದನ್ನು ಮರೆಮಾಡದೆ.

ತಪ್ಪೊಪ್ಪಿಕೊಂಡುದರಿಂದ ಲೋಕವು ಮೆಚ್ಚಿತೆಂದು ತಿಳಿಯಬಾರದು. ವಿಸ್ಕಾನ್ಸಿನ್ನಿನಲ್ಲಿ ತೋಳಗಳು ಹೆಚ್ಚುಕಡಮೆ ಮುಗಿದಿದ್ದುವು. ಜಿಂಕೆಗಳು ಮಿತಿಮೀರಿ ಬೆಳೆದು, ಚಳಿಗಾಲದಲ್ಲಿ ಎಟುಕಿದ ಚಿಗುರನ್ನೆಲ್ಲ ತಿಂದು ಮುಗಿಸಿ ಹಸಿವಿನಿಂದ ಸಾಯುತ್ತಿದ್ದುವು. 1943ರಲ್ಲಿ ಸಂಸ್ಥಾನದ ಪ್ರಕೃತಿಸಂರಕ್ಷಣಾ ಮಂಡಲಿಯ ಸದಸ್ಯನಾದ ಲಿಯೊಪೋಲ್ಡನು, ಹೆಣ್ಣು ಜಿಂಕೆಗಳನ್ನೂ ಹೊಡೆದು ಸಂಖ್ಯೆಯನ್ನು ತಗ್ಗಿಸಬೇಕು, ಇಲ್ಲವಾದರೆ ಕಾಡೂ ಉಳಿಯದು, ಜಿಂಕೆಯೂ ಉಳಿಯದು ಎಂದನು. ಜನ ಕೆರಳಿದರು. ಆ ಧೋರಣೆಯನ್ನು ಖಂಡಿಸುವುದಕ್ಕಾಗಿಯೇ ಒಂದು ಪತ್ರಿಕೆ ಹುಟ್ಟಿ ಆತನನ್ನು ಹೆಸರಿಟ್ಟು ಹಳಿಯಿತು. ಮನೆಯಲ್ಲಿ ಇದರಿಂದ ನೊಂದವರು ಹೆಂಡತಿ ಮಕ್ಕಳು. ಆತನು ಮಾತು ಬದಲಿಸಲಿಲ್ಲ. ಈ ನಡುವೆ ಮುಖದ ನರದ ದಾರುಣವಾದ ಬೇನೆಯೊಂದು ಅಂಟಿಕೊಂಡು, 1947ರಲ್ಲಿ ಶಸ್ತ್ರಚಿಕಿತ್ಸೆಯಾಗಬೇಕಾಯಿತು. ಪ್ರಬಂಧಗಳ ಪುಸ್ತಕವನ್ನೋ ಹಲವು ಪ್ರಕಾಶಕರು ತಿರುಗಿ ಕಳಿಸಿದ್ದರು. ತಂದೆಯ ಬಳಲಿಕೆಯನ್ನು ನೋಡಿ ಪ್ರಕಾಶಕರೊಡನೆ ವ್ಯವಹರಿಸುವ ಕೆಲಸವನ್ನು ಮಗ ಲೂನಾ ವಹಿಸಿಕೊಂಡನು. 1948ನೆಯ ಏಪ್ರಿಲ್ 14ರಂದು ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನವರು ಟೆಲಿಫೋನಿನಲ್ಲಿ, ಪುಸ್ತಕವನ್ನು ಅಚ್ಚು ಮಾಡುತ್ತೇವೆಂದು ತಿಳಿಸಿದರು.

ಸಸಿ ನೆಡುವ ಕಾಲ ಬಂದಿದ್ದಿತು. ಆ ಸಂತೋಷದಲ್ಲಿ ಆತನು ಹೆಂಡತಿಯನ್ನೂ ಕಿರಿಯ ಮಗಳನ್ನೂ ಕರೆದುಕೊಂಡು ಗುಡಿಸಲಿಗೆ ಹೋದನು.

ಏಪ್ರಿಲ್ 21, ಬುಧವಾರ. ಬೆಳಗ್ಗೆ ಎಂದಿನಂತೆ ಬೇಗನೆದ್ದು ಹಕ್ಕಿಗಳ ಲೆಕ್ಕ ಬರೆದುದಾಯಿತು. ಹತ್ತೂವರೆಯ ಸುಮಾರಿಗೆ ಪೂರ್ವದ ಕಡೆ ಹೊಗೆ ಕಾಣಿಸಿತು. ನೆರೆಯ ರೈತನ ಹೊಲದಲ್ಲಿ ಕಸಕ್ಕೆ ಹಚ್ಚಿದ ಬೆಂಕಿಯು ಕೈಮೀರಿ ಒಣಹುಲ್ಲಿಗೆ ಹಿಡಿದು, ಗಾಳಿಯ ಜೊತೆ ಇತ್ತ ಕಡೆಗೇ ಸಾಗಿ ಬರುತ್ತಿದ್ದಿತು. ನಡುವೆ ಹನ್ನೆರಡು ವರ್ಷಗಳ ಪೈನ್ ಸಸಿಗಳು. ಆತನು ಬೆನ್ನಿಗೆ ಹೊರುವ ನೀರಿನ ಪಂಪು, ಗುದ್ದಲಿ, ಗೋಣಿಚೀಲ, ಪೊರಕೆಗಳನ್ನು ಮೋಟಾರಿಗೆ ತುಂಬಿಕೊಂಡು ಇಬ್ಬರನ್ನೂ ಕರೆದುಕೊಂಡು ಹೋದನು. ಬೆಂಕಿ ದಾರಿಯನ್ನು ದಾಟದಂತೆ ನೋಡಿಕೊಳ್ಳಲು ಹೆಂಡತಿಯನ್ನು ರಸ್ತೆಯ ಬಳಿ ನಿಲ್ಲಿಸಿದನು. ಅಗ್ನಿಶಾಮಕರಿಗೆ ಟೆಲಿಫೋನು ಮಾಡಲು ಮಗಳನ್ನು ಕಳಿಸಿದನು. ತಾನು ಪಂಪನ್ನು ಹೊತ್ತು, ಬೆಂಕಿಯ 옆ಅಂಚಿನ ಹುಲ್ಲನ್ನು ತೋಯಿಸುತ್ತ ಒಬ್ಬನೇ ಮುಂದೆ ಹೋದನು.

ಹೃದಯವು ನಿಂತಿತು. ಪಂಪನ್ನು ಕೆಳಗಿಳಿಸಿ, ಹುಲ್ಲಿನ ಗೊಂಚಲೊಂದಕ್ಕೆ ತಲೆಯಿಟ್ಟು, ಅಂಗಾತ ಮಲಗಿ, ಎದೆಯ ಮೇಲೆ ಕೈಗಳನ್ನು ಜೋಡಿಸಿಕೊಂಡಿದ್ದನು. ಬಲಗುಂದಿದ್ದ ಬೆಂಕಿಯು ಅವನ ಮೇಲೆ ಹಗುರವಾಗಿ ಹಾದುಹೋಗಿದ್ದಿತು. ಕಿಸೆಯ ಪುಸ್ತಕದ ಅಂಚು ಸುಟ್ಟಿದ್ದಿತು. ವಯಸ್ಸು ಅರವತ್ತೊಂದು. ಬರ್ಲಿಂಗ್ಟನ್ನಿನಲ್ಲಿ, ಹುಟ್ಟಿದ ಊರಿನ ಮಣ್ಣಿನಲ್ಲಿಯೇ, ಸಮಾಧಿ ಮಾಡಿದರು.

ಪುಸ್ತಕವನ್ನು ತಿದ್ದಿ ಅಚ್ಚಿಗೆ ಕೊಟ್ಟವನು ಲೂನಾ; ತಂದೆಯ ಶಿಷ್ಯರೂ ಮಿತ್ರರೂ ನೆರವಾದರು. ಅರ್ಪಣೆಯು ಎಸ್ಟೆಲಾಳಿಗೆ. ಆಕೆಯು ಗಂಡನ ಬಳಿಕ ಇಪ್ಪತ್ತೇಳು ವರ್ಷ ಬದುಕಿ 1975ರಲ್ಲಿ ತೀರಿಕೊಂಡಳು.

ಮಕ್ಕಳ ವಿಷಯವನ್ನು ಹೇಳದೆ ಇರಲಾಗದು. ಸ್ಟಾರ್ಕರನು ಕ್ಯಾಲಿಫೋರ್ನಿಯಾದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕನಾದನು. ರಾಷ್ಟ್ರೀಯ ಉದ್ಯಾನಗಳನ್ನು ಹೇಗೆ ಪಾಲಿಸಬೇಕೆಂಬುದಕ್ಕೆ 1963ರಲ್ಲಿ ಆತನ ಸಮಿತಿಯು ಕೊಟ್ಟ ವರದಿಯು ಅಲ್ಲಿ ಪ್ರಮಾಣವಾಯಿತು. ಲೂನಾ ನದಿಗಳ ಗತಿಯನ್ನು ಅಳೆದು ಜಲಶಾಸ್ತ್ರದಲ್ಲಿ ದೊಡ್ಡ ಹೆಸರು ಪಡೆದನು. ಕಾರ್ಲನು ಸಸ್ಯಶಾಸ್ತ್ರಜ್ಞ. ಕಿರಿಯ ಎಸ್ಟೆಲಾಳು ಪ್ರಾಚೀನ ಕಾಲದ ಸಸ್ಯಗಳನ್ನು ಪರಾಗದಿಂದ ಗುರುತಿಸುವ ಶಾಸ್ತ್ರದಲ್ಲಿ ಪಂಡಿತೆ. ಸ್ಟಾರ್ಕರ್, ಲೂನಾ, ಎಸ್ಟೆಲಾ ಮೂವರೂ ಆ ದೇಶದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಸದಸ್ಯರಾಗಿ ಆಯ್ಕೆಯಾದರು. ಒಂದೇ ಮನೆಯ ಮೂವರು! ಆದರೆ ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದವಳು ನೀನಾ. ಆಕೆಯು 1976ರಲ್ಲಿ ತನ್ನ ಪತಿಯೊಡನೆ ಹಿಂದಿರುಗಿ, ಗುಡಿಸಲಿನ ಸಮೀಪದಲ್ಲಿಯೇ, ತಮ್ಮ ಕೈಯಾರೆ ನೆಟ್ಟ ಪೈನ್ ಮರಗಳನ್ನು ಬಳಸಿ ಮನೆ ಕಟ್ಟಿಕೊಂಡು, ತಂದೆಯು ನಿಲ್ಲಿಸಿದ ಲೆಕ್ಕವನ್ನು ಮುಂದುವರಿಸಿದಳು. ಯಾವ ಹಕ್ಕಿ ಎಂದು ಬಂದಿತು, ಯಾವ ಹೂವು ಎಂದು ಅರಳಿತು ಎಂಬ ಅದೇ ಲೆಕ್ಕ. ತಂದೆಯ 1936ರಿಂದ 1947ರವರೆಗಿನ ತೇದಿಗಳನ್ನೂ ತನ್ನ 1976ರಿಂದ 1998ರವರೆಗಿನ ತೇದಿಗಳನ್ನೂ ಪಕ್ಕಪಕ್ಕದಲ್ಲಿಟ್ಟು, ತಮ್ಮ ಕಾರ್ಲನೇ ಮೊದಲಾದವರೊಡನೆ 1999ರಲ್ಲಿ ಪ್ರಕಟಿಸಿದಳು. ವಸಂತದ ಐವತ್ತೈದು ಸಂಗತಿಗಳಲ್ಲಿ ಹಲವು ತಂದೆಯ ಕಾಲಕ್ಕಿಂತ ಎಷ್ಟೋ ದಿನ ಮೊದಲೇ ಬರುತ್ತಿದ್ದುವು. ಭೂಮಿಯು ಬಿಸಿಯಾಗುತ್ತಿರುವುದಕ್ಕೆ ಆ ಗುಡಿಸಲಿನ ಕಿಸೆಪುಸ್ತಕವು ಸಾಕ್ಷಿ ನುಡಿಯಿತು.

ನೀನಾ 2011ರಲ್ಲಿ ತೀರಿಕೊಂಡಳು. ಐವರಲ್ಲಿ ಕೊನೆಯವಳಾದ ಎಸ್ಟೆಲಾ, ಗುಡಿಸಲಿನ ಬಾಲ್ಯದ ನೆನಪುಗಳನ್ನು ಪುಸ್ತಕವಾಗಿ ಬರೆದು, 2024ರಲ್ಲಿ ತೊಂಬತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡಳು. ಟೆಲಿಫೋನು ಮಾಡಲು ಓಡಿದ ಆ ಮಗಳು ಈಕೆಯೇ. ಐವರೂ ಸೇರಿ 1982ರಲ್ಲಿ ಸ್ಥಾಪಿಸಿದ ಪ್ರತಿಷ್ಠಾನವು ಈಗ ಆ ಭೂಮಿಯನ್ನು ನೋಡಿಕೊಳ್ಳುತ್ತಿದೆ. ತಂದೆಯು ಬಿದ್ದ ಜಾಗದ ಹತ್ತಿರದಲ್ಲಿ 2007ರಲ್ಲಿ ಪ್ರತಿಷ್ಠಾನದವರು ಒಂದು ಕಟ್ಟಡವನ್ನು ಕಟ್ಟಿದರು. ಒತ್ತಾಗಿ ಬೆಳೆದಿದ್ದ ಪೈನ್ ತೋಪನ್ನು ತೆಳುಮಾಡಲು ಕಡಿದ ಮರಗಳೇ ಅದರ ಕಂಬ ತೊಲೆಗಳಾಗಿವೆ. ಕೋಳಿಯ ಕೊಟ್ಟಿಗೆಯು ಅಲ್ಲಿಂದ ಸ್ವಲ್ಪ ದೂರದಲ್ಲಿ, ಮರಗಳ ನಡುವೆ, ಇನ್ನೂ ನಿಂತಿದೆ.